ಬೈರಣ್ಣನ ಪರವಾಗಿ

2025ರ ಮಾರ್ಚ್ 16, ಭಾನುವಾರ, ಬೆಳಗ್ಗೆ 10 ಗಂಟೆ 20 ನಿಮಿಷ. ಮೂರನೇ ಅಡ್ಡರಸ್ತೆಯಲ್ಲಿ ಲಿಖಿತ್ ಮನೆಯ ಕರೆಗಂಟೆ ಒತ್ತಿ ನಿಂತಿದ್ದೆ. ಬಾಗಿಲು ತೆರೆಯಲಿಲ್ಲ. ಗಂಟೆಯ ಮೇಲಿದ್ದ ಪುಟ್ಟ ಕ್ಯಾಮೆರಾದ ಸುತ್ತ ನೀಲಿ ಬೆಳಕು ಹೊತ್ತಿಕೊಂಡಿತು. ಧ್ವನಿ ಅದರೊಳಗಿಂದಲೇ ಬಂತು.

"ಹೇಳಿ ಆಂಟಿ."

"ಮನೇಲಿದ್ದೀಯೇನಪ್ಪ? ಎರಡು ನಿಮಿಷ ಮಾತಾಡಬೇಕಿತ್ತು."

"ಇಲ್ಲೇ ಹೇಳಿ ಆಂಟಿ, ಚೆನ್ನಾಗಿ ಕೇಳಿಸುತ್ತೆ."

ಅವನು ಒಳಗೇ ಇದ್ದ. ಮಿಕ್ಸಿಯ ಸದ್ದು ಅಡುಗೆಮನೆಯ ಕಿಟಕಿಯಿಂದಲೂ ಕ್ಯಾಮೆರಾದಿಂದಲೂ ಬರುತ್ತಿತ್ತು. ಕ್ಯಾಮೆರಾದ್ದು ಅರ್ಧ ಸೆಕೆಂಡು ತಡ.

"ಮುಂದಿನ ಭಾನುವಾರ ಸಂಘದ ಅಧ್ಯಕ್ಷರ ಎಲೆಕ್ಷನ್ ಇದೆಯಲ್ಲ, ಬೈರಣ್ಣ ಅವರ ಪರವಾಗಿ ಬಂದಿದ್ದೀನಿ."

ಮಿಕ್ಸಿ ನಿಂತಿತು.

"ನೀವಾ? ಬೈರಣ್ಣನ ಪರವಾಗಿ? ಏನ್ ಆಂಟಿ, ಹುಷಾರಾಗಿದ್ದೀರ ತಾನೆ?"

"ಹುಷಾರಾಗೇ ಇದ್ದೀನಿ. ಬೋರ್‌ವೆಲ್ ಹುಷಾರಾಗಿಲ್ಲ. ಅದಕ್ಕೇ ಬಂದೆ."

"ಆಂಟಿ, ನೀವು ನನಗೆ ಪಿಯುಸಿಲಿ ಕೆಮಿಸ್ಟ್ರಿ ಹೇಳಿಕೊಟ್ಟಿದ್ದೀರ, ನಿಮ್ಮ ಮೇಲೆ ರೆಸ್ಪೆಕ್ಟ್ ಇದೆ. ಆದ್ರೆ ಆ ಮನುಷ್ಯ ನೀರು ಕದೀತಾನೆ. ಅವನ ವಠಾರದಲ್ಲಿ ಹನ್ನೆರಡು ಮನೆ. ಯಾವತ್ತಾದ್ರೂ ಅಲ್ಲಿಗೆ ಟ್ಯಾಂಕರ್ ಬಂದಿದ್ದು ನೋಡಿದ್ದೀರಾ?"

ನಾನು ನೋಡಿರಲಿಲ್ಲ. ನೀಲಿ ಬೆಳಕು ಆರಿತು. ನನ್ನ ಪಟ್ಟಿಯಲ್ಲಿ ಲಿಖಿತ್ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡೆ. ಅದು ಆ ದಿನದ ಏಳನೆಯದು.

ಪದ್ಮನಾಭನಗರದ ನಮ್ಮ ಗುಂಡುತೋಪು ಬಡಾವಣೆಯಲ್ಲಿ ನಾಲ್ಕು ಅಡ್ಡರಸ್ತೆ, ತೊಂಬತ್ತೆರಡು ಮನೆ. ಕಾವೇರಿ ನೀರು ದಿನ ಬಿಟ್ಟು ದಿನ ಎರಡು ಗಂಟೆ ಬರುತ್ತದೆ. ಉಳಿದದ್ದಕ್ಕೆಲ್ಲ ಸಂಘದ ಬೋರ್‌ವೆಲ್ಲೇ ಗತಿ. ಬೋರ್‌ವೆಲ್ ಇರುವುದು ನಾಲ್ಕನೇ ಅಡ್ಡರಸ್ತೆಯ ಕೊನೆಯಲ್ಲಿ, ಬೈರಣ್ಣನ ವಠಾರದ ಪಕ್ಕ. ನೀರು ಅಲ್ಲಿಂದ ರಸ್ತೆಯ ಕೆಳಗಿನ ದಪ್ಪ ಕೊಳವೆಯಲ್ಲಿ ಹೊರಟು, ಎರಡನೇ ಅಡ್ಡರಸ್ತೆಯಲ್ಲಿ ನಮ್ಮ ಮನೆಯ ಮುಂದೆ ಹಾದು, ಪಾರ್ಕಿನ ಮೇಲ್ತೊಟ್ಟಿಗೆ ಏರುತ್ತದೆ. ತೊಟ್ಟಿಯಿಂದ ಎಲ್ಲ ಮನೆಗಳಿಗೂ ಸರದಿಯ ಪ್ರಕಾರ ಬಿಡುವುದು ಬೈರಣ್ಣ. ಇಪ್ಪತ್ತೆಂಟು ವರ್ಷದಿಂದ ವಾಲ್ವಿನ ಕಬ್ಬಿಣದ ಕೀಲಿ ಅವರ ಕೈಯಲ್ಲೇ ಇದೆ.

ಅವರ ತಾತ ಈ ಊರಿನ ನೀರಗಂಟಿ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುತ್ತಿದ್ದವರು. ಈಗ ಆ ಗದ್ದೆಗಳ ಮೇಲೆಯೇ ನಮ್ಮ ಮನೆಗಳಿವೆ. "ನಮ್ಮ ತಾತನ್ನೂ ಕಳ್ಳ ಅಂತಿದ್ರು ಮೇಡಂ," ಎಂದು ಬೈರಣ್ಣ ಒಮ್ಮೆ ಹೇಳಿದ್ದರು. "ನೀರು ಬಿಡೋನ್ನ ಊರು ನಂಬಲ್ಲ. ಯಾರ ಗದ್ದೆ ಒಣಗಿದ್ರೂ ತೂಬಿನ ಕಡೇನೇ ನೋಡೋದು."

ಬಡಾವಣೆಯವರಿಗೆ ಬೈರಣ್ಣನನ್ನು ಕಂಡರಾಗದಿರುವುದಕ್ಕೆ ಬೇರೆ ಕಾರಣಗಳೂ ಇದ್ದವು. ಮಾತು ಒರಟು. ಕಾರು ತೊಳೆಯುವವರ ಮುಂದೆ ನಿಂತು "ಏನ್ ಸಾರ್, ಎಮ್ಮೆ ತೊಳೆದಂಗೆ ತೊಳೀತಿದ್ದೀರ" ಎನ್ನುವರು. ಮದುವೆ ಮನೆಗೂ ಹೆಚ್ಚುವರಿ ನೀರು ಬಿಟ್ಟವರಲ್ಲ. ಈಗ ಚುನಾವಣೆಗೆ ನಿಂತು, ಗೆದ್ದರೆ ಪ್ರತಿ ಮನೆಗೂ ಮೀಟರ್ ಹಾಕಿಸುತ್ತೇನೆ ಎಂದಿದ್ದರು. ಎದುರಾಳಿ ವಿಷ್ಣು ಎಂಬ ಜಿಮ್ ಮಾಲೀಕ. ಮೀಟರ್ ಬೇಡ, ಎರಡನೇ ಬೋರ್‌ವೆಲ್ ಕೊರೆಸೋಣ ಎನ್ನುವವನು. ಇಬ್ಬರಲ್ಲಿ ಯಾರು ಗೆಲ್ಲುತ್ತಾರೆಂದು ಕೇಳುವ ಅಗತ್ಯವೇ ಇರಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಬೈರಣ್ಣ ನಮ್ಮ ಮನೆಗೆ ಬಂದು, ಹತ್ತಡಿಗೊಂದು ಗಂಟು ಹಾಕಿದ ನೈಲಾನ್ ದಾರವನ್ನು ಜಗುಲಿಯ ಮೇಲಿಟ್ಟರು. ದಾರದ ತುದಿಗೆ ತೂಕ ಕಟ್ಟಿ ಬೋರ್‌ವೆಲ್ಲಿಗೆ ಇಳಿಬಿಟ್ಟು ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡುತ್ತಾರಂತೆ. ಜನವರಿಯಲ್ಲಿ 212 ಅಡಿ. ಈಗ 251. ನಾನು ನನ್ನದೇ ಟೇಪು ಇಳಿಬಿಟ್ಟು ನೋಡಿದೆ. ಒಂದಡಿಯ ವ್ಯತ್ಯಾಸವೂ ಬರಲಿಲ್ಲ. ಹೀಗೇ ಇಳಿದರೆ ಇನ್ನೊಂದು ಬೇಸಿಗೆ ಕಷ್ಟ, ಎರಡನೇ ಬೋರ್‌ವೆಲ್ ಕೊರೆದರೆ ಎರಡು ಕೊಳವೆಯಿಂದ ಒಂದೇ ಲೋಟ ಹೀರಿದಂತೆ. ಇದು ಲೆಕ್ಕ, ಅಭಿಪ್ರಾಯವಲ್ಲ. ಅದಕ್ಕೇ ಒಪ್ಪಿಕೊಂಡೆ.

"ನಿಮ್ಮ ಮಾತು ಕೇಳ್ತಾರೆ ಮೇಡಂ," ಎಂದಿದ್ದರು ಬೈರಣ್ಣ. ಅದು ನಿಜ. ಜಯನಗರದ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿದ್ದೇನೆ. ಬಡಾವಣೆಯ ಅರ್ಧ ಮಕ್ಕಳು ನನ್ನ ಕೈಯಲ್ಲಿ ಪ್ರಾಕ್ಟಿಕಲ್ಸ್ ಮುಗಿಸಿದವರು. ಸತ್ಯಭಾಮಾ ಮೇಡಂ ಹೇಳಿದರೆ ಸರಿಯಾಗೇ ಇರುತ್ತದೆ ಎನ್ನುವ ಮಾತೊಂದಿದೆ ಇಲ್ಲಿ. ನಾನು ಈ ಬಡಾವಣೆಯಲ್ಲಿ ಸಂಪಾದಿಸಿದ್ದು ಅದೊಂದನ್ನೇ. ಅದನ್ನೇ ಬೈರಣ್ಣನಿಗೆ ಕೈಗಡ ಕೊಟ್ಟಿದ್ದೆ.

ನನ್ನ ಗಂಡ ಅನಂತರಾಮು ಅವರಿಗೆ ಇದು ಹಿಡಿಸಿರಲಿಲ್ಲ. "ಊರ ಉಸಾಬರಿ ನಿನಗ್ಯಾಕೆ ಭಾಮಾ? ಯುಗಾದಿ ಬಂತು, ಮನೆ ಕ್ಲೀನ್ ಮಾಡಿಸೋಣ" ಎಂದರು. ಹಾಗೆಂದು ಅವರು ಬೈರಣ್ಣನ ಮೇಲೆ ಒಂದು ಮಾತೂ ಆಡಲಿಲ್ಲ. ನೀರು ಕದಿಯುತ್ತಾನೆ ಎಂಬ ಮಾತು ಬಡಾವಣೆಯ ಎಲ್ಲ ಮನೆಗಳಲ್ಲೂ ಇತ್ತು, ನಮ್ಮ ಮನೆಯೊಂದರಲ್ಲಿ ಇರಲಿಲ್ಲ. ಯಾರನ್ನೂ ಹಿಂದಿನಿಂದ ಆಡಿಕೊಳ್ಳುವುದು ಅವರ ಸ್ವಭಾವವಲ್ಲ.

ಲಿಖಿತ್ ಮನೆಯಿಂದ ಮೊದಲನೇ ಅಡ್ಡರಸ್ತೆಗೆ, ಶಾಲಿನಿಯ ಮನೆಗೆ ಹೋದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ಬಾಗಿಲನ್ನಂತೂ ತೆರೆದಳು.

"ಮೀಟರ್ ಹಾಕಿಸಿದ್ರೆ ಅವರಿಗೇನು ಲಾಭ ಮೇಡಂ?"

"ಅವರಿಗೇನೂ ಇಲ್ಲ. ನೀರು ಉಳಿಯುತ್ತೆ, ಅಷ್ಟೇ."

"ಲಾಭ ಇಲ್ದೆ ಬೆಂಗಳೂರಲ್ಲಿ ಯಾರ್ ಏನ್ ಮಾಡ್ತಾರೆ ಹೇಳಿ? ನಾಳೆ ನಮ್ಮ ಮೀಟರ್ ಓಡಿಸಿ ಅವನ ಮೀಟರ್ ನಿಲ್ಲಿಸಿಕೊಂಡ್ರೆ?"

ನಾನು ನಮ್ಮ ಮನೆಯ ಉದಾಹರಣೆ ಕೊಟ್ಟೆ. ಎಲ್ಲ ಮನೆಯಲ್ಲೂ ಕೊಡುತ್ತಿದ್ದೆ. ನಮ್ಮ ಸಂಪು ಹತ್ತು ವರ್ಷದಲ್ಲಿ ಒಮ್ಮೆಯೂ ಖಾಲಿಯಾಗಿಲ್ಲ, ನಾವು ಟ್ಯಾಂಕರ್ ತರಿಸಿದ್ದೇ ಇಲ್ಲ, ಅಕ್ಕಿ ತೊಳೆದ ನೀರೂ ಗಿಡಕ್ಕೇ ಹೋಗುತ್ತದೆ. ಅಂಗಳದಲ್ಲಿ ಮಳೆನೀರಿನ ಇಂಗುಗುಂಡಿ ಮಾಡಿಸಿದ್ದೇವೆ, ಈ ಮಾರ್ಚಿನಲ್ಲೂ ಅದರ ಜಲ್ಲಿ ತೇವವಾಗಿದೆ, ಬೇಕಾದರೆ ಬಂದು ಮುಟ್ಟಿ ನೋಡಿ. ಅಳೆದು ಬಳಸಿದರೆ ಯಾರ ಮನೆಯಲ್ಲೂ ಹೀಗೇ ಆಗುತ್ತದೆ.

"ನಿಮ್ಮನೇಲಿ ಇಬ್ರೇ ಅಲ್ವಾ ಮೇಡಂ," ಎಂದಳು ಶಾಲಿನಿ. ನಗುತ್ತಲೇ ಹೇಳಿದಳು. "ನೋಡ್ತೀನಿ."

ನೋಡ್ತೀನಿ ಎಂದರೆ ಇಲ್ಲ ಎಂದು. ಇನ್ನೊಂದು ಪ್ರಶ್ನಾರ್ಥಕ ಚಿಹ್ನೆ.

ಕೊನೆಗೆ ಸಿದ್ದಗಂಗಮ್ಮನವರ ಮನೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು, ಎಪ್ಪತ್ತೆರಡು ವರ್ಷ. ಮೂರನೇ ಅಡ್ಡರಸ್ತೆಯ ಹೆಂಗಸರೆಲ್ಲ ಅವರ ಬಾಯಿ ನೋಡಿಕೊಂಡೇ ವೋಟು ಹಾಕುವುದು. ಕೂರಿಸಿ, ಮಜ್ಜಿಗೆ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು.

"ಮೂವತ್ತೆರಡು ವರ್ಷ ಜನರ ಮಾತು ಕಿವೀಗೆ ಹಾಕ್ಕೊಂಡಿದ್ದೀನಿ ತಾಯಿ. ಯಾರು ನಿಜ ಹೇಳ್ತಾರೆ, ಯಾರು ಸುಳ್ಳು ಹೇಳ್ತಾರೆ ಅಂತ ಉಸಿರಲ್ಲೇ ಗೊತ್ತಾಗುತ್ತೆ. ನೀವು ಸುಳ್ಳು ಹೇಳ್ತಿಲ್ಲ."

"ಮತ್ತೆ?"

"ನಿಮಗೆ ಗೊತ್ತಿಲ್ಲದ್ದನ್ನ ಹೇಳ್ತಿದ್ದೀರ. ಅವನು ವಠಾರಕ್ಕೆ ಕಳ್ಳ ಪೈಪ್ ಎಳೆದಿಲ್ಲ ಅಂತ ನೀವು ಕಣ್ಣಾರೆ ನೋಡಿದ್ದೀರಾ?"

"ಇಲ್ಲ."

"ಇನ್ಯಾಕೆ ಬಂದ್ರಿ? ನೋಡ್ಕೊಂಡು ಬನ್ನಿ. ಇಲ್ಲ ಅಂತ ನೀವು ನೋಡಿ ಬಂದು ಹೇಳಿದ್ರೆ, ಈ ರಸ್ತೆದು ಹದಿನೆಂಟು ವೋಟು ಅವನಿಗೆ."

ಪಾಠ ಹೇಳಿಸಿಕೊಂಡ ವಿದ್ಯಾರ್ಥಿನಿಯಂತೆ ಎದ್ದು ಬಂದೆ. ಅವರು ಹೇಳಿದ್ದು ಸರಿಯಾಗಿತ್ತು. ಬೋರ್‌ವೆಲ್ಲಿನ ಆಳ ಅಳೆದಿದ್ದೆ, ಮನುಷ್ಯನನ್ನು ಅಳೆದಿರಲಿಲ್ಲ. ಆ ರಾತ್ರಿಯಿಂದ ಬೈರಣ್ಣನ ಮಾತುಗಳೆಲ್ಲ ಬೇರೆ ರೀತಿ ಕೇಳಿಸತೊಡಗಿದವು. ಇಷ್ಟು ಮನೆಗಳಿರುವಾಗ ನನ್ನನ್ನೇ ಯಾಕೆ ಹುಡುಕಿಕೊಂಡು ಬಂದರು? ಜಗುಲಿಯ ಮೇಲೆ ಕೂತಿದ್ದಾಗ ನನ್ನ ಮುಖ ನೋಡದೆ ಗೇಟಿನ ಕಡೆ ಯಾಕೆ ನೋಡುತ್ತಿದ್ದರು?

ಪರೀಕ್ಷೆಯ ವಿಧಾನ ಸರಳ. ಪಂಪಿನ ಮನೆಯಲ್ಲಿ ಒಂದು ದೊಡ್ಡ ಮೀಟರ್ ಇದೆ. ಬೋರ್‌ವೆಲ್ಲಿನಿಂದ ಎಷ್ಟು ನೀರು ಹೊರಟಿತೆಂದು ಅದು ತೋರಿಸುತ್ತದೆ. ಪಾರ್ಕಿನ ತೊಟ್ಟಿ ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಅಂದರೆ ನೀರು ಒಂದು ಸೆಂಟಿಮೀಟರ್ ಏರಿದರೆ 200 ಲೀಟರ್. ತೊಟ್ಟಿಯಿಂದ ಹೊರಹೋಗುವ ವಾಲ್ವುಗಳನ್ನು ಮುಚ್ಚಿ, ಅರ್ಧ ಗಂಟೆ ಪಂಪು ಓಡಿಸಿ, ಹೊರಟದ್ದನ್ನೂ ತಲುಪಿದ್ದನ್ನೂ ಹೋಲಿಸಿದರೆ ಆಯಿತು. ವ್ಯತ್ಯಾಸ ಇದ್ದರೆ ದಾರಿಯಲ್ಲಿ ಯಾರೋ ಕುಡಿಯುತ್ತಿದ್ದಾರೆ.

ಮಂಗಳವಾರ ಬೈರಣ್ಣನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಕೀಲಿಯನ್ನು ಕೈಯಲ್ಲಿ ತಿರುಗಿಸಿದರು.

"ಈಗ್ಯಾಕೆ ಮೇಡಂ ಅದೆಲ್ಲ? ಎಲೆಕ್ಷನ್ ಮುಗೀಲಿ, ನಿಧಾನಕ್ಕೆ ನೋಡೋಣ."

"ಮುಗಿಯೋ ಮುಂಚೆನೇ ಬೇಕು."

"ನೀವು ಹೇಳಿದ ಮೇಲೆ ಇನ್ನೇನಿದೆ," ಎಂದರು. ದನಿಯಲ್ಲಿ ಉತ್ಸಾಹ ಇರಲಿಲ್ಲ. ಮನೆಗೆ ಬಂದ ಮೇಲೆ ನನ್ನ ತಪ್ಪು ಹೊಳೆಯಿತು. ಒಂದು ದಿನ ಮುಂಚೆ ಹೇಳಬಾರದಿತ್ತು. ಕಳ್ಳ ಪೈಪು ಇದ್ದರೆ ರಾತ್ರಿಯೇ ಮುಚ್ಚಿಕೊಳ್ಳಬಹುದು.

ಬುಧವಾರ, ಬೆಳಗ್ಗೆ ಆರೂವರೆಯಿಂದ ಏಳು. ಪಂಪಿನ ಮನೆಯ ಮೀಟರ್ ಪ್ರಕಾರ ಹೊರಟದ್ದು 1,620 ಲೀಟರ್. ತೊಟ್ಟಿಯ ಏಣಿ ಹತ್ತಿ ಸ್ಟೀಲ್ ಸ್ಕೇಲು ಹಿಡಿದು ನೋಡಿದೆ. ಏರಿದ್ದು 6.15 ಸೆಂಟಿಮೀಟರ್. ಅಂದರೆ 1,230 ಲೀಟರ್. ಅರ್ಧ ಗಂಟೆಯಲ್ಲಿ 390 ಲೀಟರ್ ದಾರಿಯಲ್ಲೇ ಮಾಯವಾಗಿತ್ತು. ನಿಮಿಷಕ್ಕೆ ಹದಿಮೂರು ಲೀಟರ್.

ಏಣಿ ಇಳಿದು ಬೈರಣ್ಣನ ಹತ್ತಿರ ನಡೆದೆ. ಇಪ್ಪತ್ತಾರು ಮನೆಗಳಲ್ಲಿ ಈ ಮನುಷ್ಯನ ಪರವಾಗಿ ಮಾತಾಡಿ ಬಂದಿದ್ದೆ.

"ಹದಿಮೂರು ಲೀಟರ್ ಕಡಿಮೆ ಬರ್ತಿದೆ ಬೈರಣ್ಣ ಅವರೇ. ನಿಮಿಷಕ್ಕೆ."

ಅವರು ಆಶ್ಚರ್ಯಪಡಲಿಲ್ಲ. ಅದೇ ನನ್ನನ್ನು ಚುಚ್ಚಿತು.

"ಹಳೇ ಪೈಪು ಮೇಡಂ. ಜಾಯಿಂಟಲ್ಲಿ ಸೋರ್ತಿರುತ್ತೆ."

"ಇಷ್ಟು ಸೋರಿದ್ರೆ ರಸ್ತೆ ಒದ್ದೆ ಆಗ್ಬೇಕಿತ್ತಲ್ಲ? ಮೊದಲು ನಿಮ್ಮ ವಠಾರದ ಹತ್ರ ಹೋಗೋಣ. ಪಂಪು ಓಡ್ತಾ ಇರಲಿ."

ನೆಲದೊಳಗಿನ ನೀರನ್ನು ಕಂಡುಹಿಡಿಯಲು ಬೈರಣ್ಣ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಕೀಲಿಯ ಉದ್ದನೆಯ ಕಂಬಿಯ ತುದಿಯನ್ನು ವಾಲ್ವ್ ಗುಂಡಿಯೊಳಗಿನ ಕೊಳವೆಗೆ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚುತ್ತಾರೆ. ಪಕ್ಕದಲ್ಲಿ ಕವಲೊಡೆದು ನೀರು ಓಡುತ್ತಿದ್ದರೆ ಕಬ್ಬಿಣ ಹೇಳುತ್ತದೆ. ವೈದ್ಯರ ಸ್ಟೆತಾಸ್ಕೋಪು ಕೆಲಸ ಮಾಡುವುದೂ ಹೀಗೆಯೇ.

ವಠಾರದ ಗುಂಡಿಯಲ್ಲಿ ಕಂಬಿ ಊರಿ ನನಗೇ ಕೊಟ್ಟರು. ಕಿವಿ ಇಟ್ಟೆ. ದೂರದ ಪಂಪಿನ ಗುಂಯ್ ಎನ್ನುವ ಮಂದ ಸದ್ದು ಬಿಟ್ಟರೆ ಏನೂ ಇಲ್ಲ. ಬಟ್ಟೆ ಒಗೆಯುತ್ತಿದ್ದ ಅವರ ಹೆಂಡತಿ ಅಂಜನಮ್ಮ ಸೊಂಟಕ್ಕೆ ಕೈಯಿಟ್ಟು ನಿಂತರು.

"ನಮ್ಮ ಮನೇನೂ ನೋಡ್ಬಿಡಿ ಮೇಡಂ. ಅಟ್ಟದ ಮೇಲೂ ಹತ್ತಿ. ಬಿಂದಿಗೆ ತೋರಿಸ್ಲಾ? ಇಲ್ಲಿ ಬಾಡಿಗೆಗಿರೋರು ಕಾರ್ಪೊರೇಷನ್ ನಲ್ಲೀಲಿ ಬೆಳಗಿನ ಜಾವ ನಾಲ್ಕಕ್ಕೆದ್ದು ಹಿಡ್ಕೊಂಡು ಬರ್ತಾರೆ. ಅದನ್ನ ನೋಡಕ್ಕೆ ನಿಮ್ಮ ಲೇಔಟೋರು ಯಾರೂ ಎದ್ದಿರಲ್ಲ ಅಷ್ಟೇ."

"ಸುಮ್ನಿರೇ," ಎಂದರು ಬೈರಣ್ಣ.

ರಾತ್ರಿಯೇ ಮುಚ್ಚಿಕೊಂಡಿರಬಹುದು ಎಂಬ ಗುಮಾನಿ ನನಗೆ ಹೋಗಲಿಲ್ಲ. ಆದರೆ ಹಾಗೆ ಮುಚ್ಚಿಕೊಂಡಿದ್ದರೆ ಹದಿಮೂರು ಲೀಟರ್ ಈಗಲೂ ಹೋಗುತ್ತಿರುವುದು ಎಲ್ಲಿಗೆ? ಕೊಳವೆಯ ದಾರಿ ಹಿಡಿದು ಹೊರಟೆವು. ನಾಲ್ಕನೇ ಅಡ್ಡರಸ್ತೆಯ ತಿರುವಿನಲ್ಲಿ ಒಂದು ಗುಂಡಿ, ಮೂರನೆಯದರಲ್ಲಿ ಎರಡು. ಪ್ರತಿಯೊಂದರಲ್ಲೂ ಬೈರಣ್ಣ ನಿಂತರು, ಊರಿದರು, ಕೇಳಿದರು, ನನಗೂ ಕೇಳಿಸಿದರು. ಎಲ್ಲ ಕಡೆ ಮೌನ. ಎರಡನೇ ಅಡ್ಡರಸ್ತೆಗೆ ತಿರುಗಿದ ಮೇಲೆ ಅವರ ನಡಿಗೆ ಜೋರಾಯಿತು. ನಮ್ಮ ಗೇಟಿನ ಮುಂದೆ ಕಲ್ಲುಚಪ್ಪಡಿಯೊಂದಿದೆ. ದಿನಾ ಬೆಳಗ್ಗೆ ನಾನು ರಂಗೋಲಿ ಹಾಕುವುದು ಅದರ ಮೇಲೆಯೇ. ಬೈರಣ್ಣ ಅದನ್ನು ಬಳಸಿಕೊಂಡು ಮುಂದೆ ಹೋದರು.

"ಇಲ್ಲೊಂದು ಗುಂಡಿ ಇದೆಯಲ್ಲ?"

"ರಂಗೋಲಿ ಹಾಕಿದ್ದೀರ ಮೇಡಂ, ತುಳಿಯೋದು ಬೇಡ ಅಂತ. ಇಲ್ಲೇನೂ ಇಲ್ಲ ಬಿಡಿ."

"ಉಳಿದ ಕಡೆ ಇಟ್ಟು ನೋಡಿದ್ರಿ. ಇಲ್ಲಿ ನೋಡದೇನೇ ಇಲ್ಲ ಅಂತೀರ?"

ನಾನು ಕಂಬಿಯನ್ನು ಅವರ ಕೈಯಿಂದ ತೆಗೆದುಕೊಂಡೆ. ಚಪ್ಪಡಿಯ ನಡುವೆ, ಎತ್ತಲು ಬೆರಳು ಹಾಕುವಷ್ಟು ತೂತಿದೆ. ಹದಿನೈದು ಚುಕ್ಕಿಯ ರಂಗೋಲಿಯ ನಡುಚುಕ್ಕಿಯನ್ನು ಯಾವಾಗಲೂ ಅದರ ಪಕ್ಕಕ್ಕೆ ಸರಿಸಿ ಇಡುತ್ತಿದ್ದೆ. ತೂತಿನೊಳಗೆ ಕಂಬಿ ಇಳಿಸಿ, ಬಗ್ಗಿ, ಕಿವಿ ಹಚ್ಚಿದೆ.

ಸುಯ್ಯೆಂದು ಒಂದೇ ಸಮನೆ ನೀರು ಓಡುತ್ತಿತ್ತು.

ಗೇಟಿನೊಳಗೆ ನನ್ನ ಗಂಡ ಪೇಪರ್ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ನನ್ನ ಮುಖ ನೋಡಿದರು, ಆಮೇಲೆ ಬೈರಣ್ಣನದು.

"ರೀ, ಇದೇನಿದು?"

"ಅಮ್ಮನ ನಲ್ಲಿ," ಎಂದರು ಅವರು, ಮೆಲ್ಲಗೆ.

ನನ್ನ ಅತ್ತೆ ಕೊನೆಯವರೆಗೂ ಮಡಿ ಬಿಟ್ಟವರಲ್ಲ. ಕಾರ್ಪೊರೇಷನ್ ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತದೆ ಎಂದು ಆ ನೀರಿನಲ್ಲಿ ದೇವರ ಅಡುಗೆ ಮಾಡುತ್ತಿರಲಿಲ್ಲ. ಊರಿನವರೆಲ್ಲ ಮುಟ್ಟುವ ತೊಟ್ಟಿಯ ನೀರೂ ಆಗದು. ನೆಲದಿಂದ ನೇರವಾಗಿ ಬಂದದ್ದೇ ಬೇಕು. ಹಿತ್ತಲಲ್ಲಿ ಅವರಿಗೆಂದೇ ಒಂದು ಹಿತ್ತಾಳೆಯ ನಲ್ಲಿ ಇತ್ತು. 2012ರಲ್ಲಿ ಅವರು ತೀರಿಕೊಂಡರು. ಎರಡು ವರ್ಷದ ಮೇಲೆ ಮನೆ ರಿಪೇರಿ ಮಾಡಿಸುವಾಗ ಆ ನಲ್ಲಿಯನ್ನು ತೆಗೆಸಿದೆವು. ಅದು ಎಲ್ಲಿಂದ ಬರುತ್ತಿತ್ತೆಂದು ನಾನು ಕೇಳಿರಲಿಲ್ಲ. ತೆಗೆದ ಮೇಲೆ ಅದರ ಪೈಪು ಏನಾಯಿತೆಂದೂ ಕೇಳಿರಲಿಲ್ಲ.

"ಪ್ಲಂಬರ್ ಹೇಳ್ದ, ಪೈಪಿನ ಬಾಯಿಗೆ ಡಮ್ಮಿ ಹಾಕಿ ಮುಚ್ಚಿದ್ರೆ ಪ್ರೆಶರ್‌ಗೆ ಕಿತ್ಕೊಂಡು ಹೋಗುತ್ತೆ, ಸದ್ಯಕ್ಕೆ ಸಂಪಿಗೆ ಬಿಟ್ಟಿರ್ತೀನಿ ಅಂತ. ಆಮೇಲೆ ಮುಚ್ಚಿಸೋಣ ಅಂದ್ಕೊಂಡೆ," ಎಂದರು ನನ್ನ ಗಂಡ.

"ಹನ್ನೊಂದು ವರ್ಷ ಆಯ್ತು."

"ಮರೆತೇಹೋಯ್ತು ಭಾಮಾ."

"ಮರೆಯೋಕ್ಕೆ ಬಿಡ್ಲಿಲ್ಲ ಸಾರ್ ನಾನು," ಎಂದರು ಬೈರಣ್ಣ ನೆಲ ನೋಡುತ್ತ. "ಎರಡ್ ಸಲ ಬಂದು ಹೇಳ್ದೆ. ನೋಡೋಣ ಅಂದ್ರಿ."

ಸಂಪಿನ ಮುಚ್ಚಳ ತೆಗೆದು ಟಾರ್ಚ್ ಹಾಕಿದೆ. ತುಂಬಿ ತುಳುಕುತ್ತಿತ್ತು. ಪೈಪಿನ ಬಾಯಿ ನೀರಿನೊಳಗೇ ಮುಳುಗಿತ್ತು, ಅದಕ್ಕೇ ಒಂದು ದಿನವೂ ಸದ್ದು ಕೇಳಿರಲಿಲ್ಲ. ಹೆಚ್ಚಾದದ್ದು ಪಕ್ಕದ ತೂತಿನಿಂದ ಇಂಗುಗುಂಡಿಗೆ ಹೋಗುತ್ತಿತ್ತು. ಬಗ್ಗಿ ಗುಂಡಿಯ ಜಲ್ಲಿ ಮುಟ್ಟಿದೆ. ಬಡಾವಣೆಗೆಲ್ಲ ಬಂದು ಮುಟ್ಟಿ ನೋಡಿ ಎಂದು ಹೇಳಿ ಬಂದ ತೇವ ಅದು.

ಬೈರಣ್ಣನ ಹತ್ತಿರ ಹೋದೆ. "ನೀವೇ ಒಂದು ದಿನ ಮುಚ್ಚಬಹುದಿತ್ತಲ್ಲ. ಕೀಲಿ ನಿಮ್ಮ ಕೈಲೇ ಇತ್ತು."

"ಈ ಪೈಪ್ ಹಾಕಿದ್ದೇ ನಾನು ಮೇಡಂ. ದೊಡ್ಡಮ್ಮನೋರು ಕೇಳಿದ್ರು, ಹಾಕೊಟ್ಟೆ. ಪೈಪ್ ಮುಟ್ಟಿದ್ದು ನಾನು, ನೀರು ಮಾತ್ರ ಮಡಿ." ಸ್ವಲ್ಪ ನಕ್ಕರು. "ಮುಚ್ಚಿದ್ರೆ, ಮೇಡಂ ಮನೆ ನೀರು ನಿಲ್ಲಿಸ್ದ ಬೈರಣ್ಣ ಅಂತ ಬೆಳಗಾಗೋದ್ರೊಳಗೆ ನಾಲ್ಕು ರಸ್ತೇಲೂ ಮಾತಾಗೋದು. ಕಳ್ಳ ಅನ್ನೋದೊಂದಿದೆ, ಇದೂ ಯಾಕೆ ಅಂತ ಬಿಟ್ಟೆ."

"ಎಲ್ಲ ಗೊತ್ತಿದ್ದೂ ನನ್ನ ಕೈಲೇ ವೋಟು ಕೇಳ್ಸೋಕ್ಕೆ ಬಂದ್ರಾ?"

ಅವರು ತಲೆಯೆತ್ತಿದರು. ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡಿದರು.

"ನಿಮಗೂ ಗೊತ್ತಿದೆ ಅಂದ್ಕೊಂಡೇ ಬಂದೆ ಮೇಡಂ. ಇಷ್ಟು ವರ್ಷ ಬಾಯಿ ಬಿಡದೆ ಇದ್ದಾನೆ, ಇವನಿಗೊಂದು ಸಹಾಯ ಮಾಡೋಣ ಅಂತ ನೀವು ಒಪ್ಕೊಂಡ್ರಿ ಅಂತ... ನಿಮಗೆ ಗೊತ್ತೇ ಇರ್ಲಿಲ್ವಾ?"

ನಾನು ಅವರನ್ನು ಕಳ್ಳನಿರಬಹುದೆಂದು ಮೂರು ದಿನದಿಂದ ಅಳೆಯುತ್ತಿದ್ದೆ. ಅವರು ಹನ್ನೊಂದು ವರ್ಷದಿಂದ ನನ್ನನ್ನು ಕಳ್ಳಿ ಎಂದೇ ತಿಳಿದು, ಗೌರವದಿಂದ ಮೇಡಂ ಎಂದು ಕರೆಯುತ್ತ ಬಂದಿದ್ದರು. ಅವರ ಮುಖದಲ್ಲಿ ಈಗಲೂ ಪೂರ್ತಿ ನಂಬಿಕೆ ಇರಲಿಲ್ಲ. ಇರಬೇಕೆಂದು ಕೇಳುವ ಹಕ್ಕೂ ನನಗಿರಲಿಲ್ಲ.

ಚಪ್ಪಡಿ ಎತ್ತಿ ನಮ್ಮ ಮನೆಯ ಕವಲಿನ ವಾಲ್ವ್ ಮುಚ್ಚಿಸಿದೆ. ತುಕ್ಕು ಹಿಡಿದಿತ್ತು, ಕೀಲಿಗೆ ಇಬ್ಬರೂ ಗಂಡಸರು ಕೈ ಹಾಕಬೇಕಾಯಿತು. ಇನ್ನೊಮ್ಮೆ ಅಳೆದೆ, ಎಂಟೂವರೆಯಿಂದ ಒಂಬತ್ತು. ಹೊರಟದ್ದು 1,560 ಲೀಟರ್. ತೊಟ್ಟಿಯಲ್ಲಿ ಏರಿದ್ದು 7.2 ಸೆಂಟಿಮೀಟರ್, ಅಂದರೆ 1,440. ಇನ್ನೂ 120 ಲೀಟರ್ ಕಡಿಮೆ. ನಿಮಿಷಕ್ಕೆ ನಾಲ್ಕು. ಹದಿಮೂರರಲ್ಲಿ ಒಂಬತ್ತು ನಮ್ಮದು. ನಾಲ್ಕು ಬೇರೆ ಯಾರದೋ, ಅಥವಾ ಯಾವುದೋ ಹಳೆಯ ಜಾಯಿಂಟಿನದು. ಕಂಬಿ ಹಿಡಿದು ಮತ್ತೆ ಎಲ್ಲ ಗುಂಡಿಗಳನ್ನೂ ಕೇಳಿದೆ, ವಠಾರದ್ದನ್ನು ಎರಡು ಸಲ. ಎಲ್ಲೂ ಸದ್ದಿಲ್ಲ. ಅಷ್ಟು ಸಣ್ಣ ಹರಿವು ನನ್ನ ಕಿವಿಗೆ ಕೇಳಿಸದೆಯೂ ಇರಬಹುದು.

ಮಧ್ಯಾಹ್ನ ಊಟ ಬಡಿಸುವಾಗ ನನ್ನ ಗಂಡ ಹೇಳಿದರು: "ಸಿದ್ದಗಂಗಮ್ಮನವರು ಕೇಳಿದ್ದು ಬೈರಣ್ಣನ ಮನೇಗೆ ಪೈಪ್ ಹೋಗಿದೆಯಾ ಅಂತ ತಾನೆ? ಹೋಗಿಲ್ಲ. ಅಷ್ಟು ಹೇಳು. ಸುಳ್ಳೇನಲ್ಲವಲ್ಲ."

"ಸುಳ್ಳಲ್ಲ."

"ನಮ್ಮದು ಮುಚ್ಚಿ ಆಯ್ತು. ಇನ್ನು ಅದನ್ನ ಹೇಳಿಕೊಂಡು ತಿರುಗಿದ್ರೆ ನಾಳೆಯಿಂದ ರಸ್ತೇಲಿ ತಲೆ ಎತ್ತಿ ನಡೆಯೋ ಹಾಗಿಲ್ಲ. ನಿನ್ನ ಮಾತಿಗೆ ಬೆಲೆ ಇರೋದೇ ಜನಕ್ಕೆ ನಿನ್ನ ಮೇಲೆ ನಂಬಿಕೆ ಇದೆ ಅಂತ. ಅದನ್ನೇ ಕಳ್ಕೊಂಡು ಯಾರಿಗೆ ಏನು ಉಪಯೋಗ? ಬೈರಣ್ಣನಿಗೂ ಇಲ್ಲ."

ಬೈರಣ್ಣನೂ ಬೆಳಗ್ಗೆ ಹೋಗುವಾಗ ಅದನ್ನೇ ಹೇಳಿದ್ದರು. "ಬಿಡಿ ಮೇಡಂ, ನಾನಂತೂ ಹೇಳಲ್ಲ." ಅವರ ಮೌನದ ಒಳಗೆ ಇನ್ನೊಂದು ದಿನ ಕೂರಲು ನನಗಾಗುತ್ತಿರಲಿಲ್ಲ. ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ನಾನು ಮೊದಲು ಹೇಳಿಕೊಡುತ್ತಿದ್ದದ್ದು ಒಂದೇ: ಬೇಕಾದ ರೀಡಿಂಗ್ ಮಾತ್ರ ಬರೆದು ಉಳಿದದ್ದನ್ನು ಒರೆಸಿಹಾಕಿದರೆ, ಬರೆದದ್ದೂ ಸುಳ್ಳೇ.

ಸಂಜೆ ಐದಕ್ಕೆ ಸಿದ್ದಗಂಗಮ್ಮನವರ ಮನೆಗೆ ಹೋದೆ. ನೋಟ್‌ಬುಕ್ ತೆರೆದು ಎಲ್ಲವನ್ನೂ ಹೇಳಿದೆ. ಅತ್ತೆಯ ನಲ್ಲಿ, ಸಂಪು, ಇಂಗುಗುಂಡಿ, ಒಂಬತ್ತು ಲೀಟರ್, ಉಳಿದ ನಾಲ್ಕು. ಅವರು ಈ ಸಲ ಕಣ್ಣು ಮುಚ್ಚಲಿಲ್ಲ.

"ಯಜಮಾನ್ರಿಗೆ ಗೊತ್ತಾ ನೀವು ಇಲ್ಲಿಗೆ ಬಂದಿರೋದು?"

"ಗೊತ್ತು. ಬೇಡ ಅಂದ್ರು."

"ಬೈರಣ್ಣನಿಗೆ?"

"ಅವರೂ ಬೇಡ ಅಂದ್ರು."

"ಹಾಗಂತ ಅವನೇ ಹೇಳಿಕೊಟ್ಟು ಕಳಿಸಿಲ್ಲ ತಾನೆ? ತಪ್ಪು ಒಪ್ಕೊಂಡೋರ ಮಾತು ಜನ ಬೇಗ ನಂಬ್ತಾರೆ. ಎಲೆಕ್ಷನ್ ಟೈಮಲ್ಲಿ ಒಳ್ಳೇ ಉಪಾಯ."

ಭಾನುವಾರ ಇದೇ ಕುರ್ಚಿಯಲ್ಲಿ, ನೀವು ಸುಳ್ಳು ಹೇಳುತ್ತಿಲ್ಲ ಎಂದು ಉಸಿರು ನೋಡಿ ಹೇಳಿದ್ದವರು ಇವರೇ. ನೋಟ್‌ಬುಕ್ಕನ್ನು ಅವರ ಮುಂದೆ ಸರಿಸಿದೆ.

"ಆ ನಾಲ್ಕು ಲೀಟರ್ ಯಾರದು?"

"ಗೊತ್ತಿಲ್ಲ."

"ಅವನದಿರಬಹುದಾ?"

"ಇರಬಹುದು. ನನಗೆ ಸಿಗಲಿಲ್ಲ. ನಿಮ್ಮದೂ ಇರಬಹುದು."

ಅವರ ಹುಬ್ಬು ಮೇಲೇರಿತು. ಆಮೇಲೆ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಗೇಟಿನ ಹೊರಗೆ ಹೋಗಿ ತಮ್ಮ ಮನೆಯ ಮುಂದಿನ ರಸ್ತೆಯನ್ನು ಉದ್ದಕ್ಕೂ ನೋಡಿದರು.

"ನಾಳೆ ಅವನ್ನ ಆ ಕಂಬಿ ತಗೊಂಡು ಬರಕ್ಕೆ ಹೇಳಿ," ಎಂದರು. "ನಾನೇ ಕಿವಿ ಇಟ್ಟು ಕೇಳ್ತೀನಿ. ನಿಮ್ಮ ಕಿವಿ ನಂಬಲ್ಲ."

ಮರುದಿನ ಅವರೇ ಗುಂಡಿಗಳಿಗೆಲ್ಲ ಕಿವಿ ಇಟ್ಟು ಕೇಳಿದರು, ಅವರಿಗೂ ಏನೂ ಸಿಗಲಿಲ್ಲ. ನಾನು ಉಳಿದ ಇಪ್ಪತ್ತೈದು ಮನೆಗಳಿಗೂ ಮತ್ತೆ ಹೋದೆ. ಮುಗಿಯಲು ಶನಿವಾರ ಸಂಜೆಯಾಯಿತು. ಕೆಲವರು ಅಯ್ಯೋ ಪಾಪ ಎಂದರು, ಕೆಲವರು ನಕ್ಕರು. ಶಾಲಿನಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು. "ಅದಕ್ಕೇನಾ ಮೇಡಂ ನಿಮ್ಮ ಜಲ್ಲಿ ಒದ್ದೆ?" ಎಂದು ಕೇಳಿ ಒಳಗೆ ಹೋದಳು. ಲಿಖಿತ್ ಕ್ಯಾಮೆರಾದಲ್ಲೇ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಚಿಲಕದ ಸದ್ದಾಯಿತು. ಬಾಗಿಲು ತೆರೆದು, ನನ್ನ ಕೈಯಲ್ಲಿದ್ದ ನೋಟ್‌ಬುಕ್ ತೆಗೆದುಕೊಂಡು, ನಿಂತಲ್ಲೇ ಲೆಕ್ಕ ಪರಿಶೀಲಿಸಿದ. "ಸರಿ ಇದೆ ಆಂಟಿ," ಎಂದ. ಯಾರಿಗೆ ಹಾಕುತ್ತಾನೆಂದು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಮೇಡಂ ಹೇಳಿದರೆ ಸರಿಯಾಗೇ ಇರುತ್ತದೆ ಎನ್ನುವುದು ಅಲ್ಲಿಗೆ ಮುಗಿದಿತ್ತು. ಇನ್ನು ಮೇಲೆ ನೋಟ್‌ಬುಕ್ ತೋರಿಸಬೇಕು.

23ರ ಭಾನುವಾರ ಎಂಬತ್ತೊಂದು ಮನೆಯವರು ಮತ ಹಾಕಿದರು. ಬೈರಣ್ಣನಿಗೆ ನಲವತ್ತೆರಡು, ವಿಷ್ಣುವಿಗೆ ಮೂವತ್ತೊಂಬತ್ತು. ಎಣಿಕೆ ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಿದ್ದಗಂಗಮ್ಮನವರು ಬೈರಣ್ಣನ ಹತ್ತಿರ ಹೋಗಿ, "ಗೆದ್ದೆ ಅಂತ ಬೀಗಬೇಡಪ್ಪ, ಮೊದಲನೇ ಮೀಟರ್ ನಿನ್ನ ವಠಾರಕ್ಕೆ," ಎಂದರು. "ಎರಡನೇದು ನಮ್ಮನೇಗೆ," ಎಂದೆ ನಾನು. ನನ್ನ ಗಂಡ ಪಕ್ಕದಲ್ಲೇ ಇದ್ದರು. ಕೆಮ್ಮಿದರು, ಅಷ್ಟೇ.

ಸೋಮವಾರ ಬೆಳಗ್ಗೆ ಆರೂವರೆಗೆ ಬೈರಣ್ಣ ಪಂಪು ಹಾಕಿದರು, ನಾನು ಸ್ಕೇಲು ಹಿಡಿದು ತೊಟ್ಟಿಯ ಏಣಿ ಹತ್ತಿದೆ. ಈ ಸಲ ಯಾರಿಗೂ ಮುಂಚೆ ಹೇಳಿರಲಿಲ್ಲ, ಬೈರಣ್ಣನಿಗೂ ಆರು ಗಂಟೆಗೇ ಹೇಳಿದ್ದು. ಅರ್ಧ ಗಂಟೆಯ ನಂತರ ಪಂಪಿನ ಮನೆಯ ಮೀಟರ್ ಓದಿ, ಸಂಘದ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೆ: ಹೊರಟದ್ದು 1,560 ಲೀಟರ್, ತಲುಪಿದ್ದು 1,440 ಲೀಟರ್, ಕಡಿಮೆ ಬಂದದ್ದು ನಿಮಿಷಕ್ಕೆ 4 ಲೀಟರ್.